ನಮ್ಮ ದಾದಾ ಮತ್ತು ಉಗಿ ಸುತ್ತಿಗೆ

ಫಸ್ಟ್ ಪಿಯುಸಿಯಲ್ಲಿ ಸವಕಳಿ ಪಾಠ ಮುಗಿದ ದಿನ ಅಕೌಂಟೆನ್ಸಿ ಸರ್ ನಮಗೆ ಒಂದು ಕೆಲಸ ಕೊಟ್ಟರು. "ನಿಮ್ಮ ಮನೆಯವರು ದುಡಿದ ಒಂದು ಯಂತ್ರದ ಹೆಸರು ಬರೆಯಿರಿ. ಅದು ಈಗ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಇಲ್ಲ, ಎರಡು ಸಾಲು ಬರೆಯಿರಿ." ಕ್ಲಾಸಿನಲ್ಲಿ ಹೆಚ್ಚಿನವರು ಹೊಲಿಗೆ ಯಂತ್ರ, ಆಟೊ, ಝೆರಾಕ್ಸ್ ಮಷೀನ್, ಹಿಟ್ಟಿನ ಗಿರಣಿ ಎಂದು ಬರೆದರು. ನಾನು "ಸುತ್ತಿಗೆ" ಎಂದು ಬರೆದೆ. ಸರ್ ಅದನ್ನು ಓದಿದಾಗ ಎಲ್ಲರೂ ನಕ್ಕರು. "ಸುತ್ತಿಗೆಗೆ ಎಂಥ ಸವಕಳಿಯಮ್ಮಾ?" ಎಂದು ಸರ್ ಕೂಡ ನಕ್ಕರು. ನಾನು ಎದ್ದು ನಿಂತು, "ಸರ್, ಅದು ಮೂರು ಟನ್ನಿನ ಸುತ್ತಿಗೆ. ಉಗಿಯಿಂದ ನಡೆಯುತ್ತಿತ್ತು. ನಮ್ಮ ದಾದಾ ಅದನ್ನು ಓಡಿಸುತ್ತಿದ್ದರು" ಎಂದೆ. ನಗು ನಿಂತಿತು. "ಹಾಗಾದರೆ ಅವರನ್ನೇ ಕೇಳಿಕೊಂಡು ಬಂದು ಕ್ಲಾಸಿಗೆ ಹೇಳು" ಎಂದರು ಸರ್.

ಅದು ಅಷ್ಟು ಸುಲಭದ ಕೆಲಸವಾಗಿರಲಿಲ್ಲ. ನಾನು ದಾದಾ ಜೊತೆ ಮಾತು ಬಿಟ್ಟು ಆಗ ಎರಡು ತಿಂಗಳಾಗಿತ್ತು.

ದಾದಾ ಎಂದರೆ ನಮ್ಮ ತಂದೆಯ ತಂದೆ. ಒಂದು ದೊಡ್ಡ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಮೂವತ್ತೇಳು ವರ್ಷ ದುಡಿದವರು. ಅವರು ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಟಿವಿ ಇಟ್ಟರೆ ಪಕ್ಕದ ಮನೆಯವರು ತಮ್ಮ ಟಿವಿ ಹಾಕುವುದೇ ಬೇಡ. ನಾನು ಕಾಲೇಜಿಗೆ ಸೇರಿದ ದಿನ ಅಬ್ಬಾಗೆ ರಜೆ ಸಿಗದೆ ದಾದಾ ನನ್ನ ಜೊತೆ ಬಂದಿದ್ದರು. ಆಫೀಸಿನಲ್ಲಿ ಮೇಡಂ ಕೇಳಿದ್ದಕ್ಕೆಲ್ಲ ಅವರು ಏನೇನೋ ಉತ್ತರ ಕೊಟ್ಟರು, ಅದೂ ಜಗಳಕ್ಕೆ ನಿಂತವರ ಹಾಗೆ ಗಟ್ಟಿಯಾಗಿ. ಸಾಲಿನಲ್ಲಿದ್ದ ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕರು. ನಾನು ಅವರಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಮಾತು ಬಿಟ್ಟದ್ದು ಬೇರೆ ಕಾರಣಕ್ಕೆ. ಒಂದು ರಾತ್ರಿ ದಸ್ತರ್‌ಖಾನಿನ ಮುಂದೆ ಎಲ್ಲರೂ ಕೂತಿದ್ದಾಗ ನಾನು, "ಪಿಯುಸಿ ಆದ ಮೇಲೆ ಸಿಎ ಓದಬೇಕು ಅಂತಿದ್ದೇನೆ" ಎಂದು ಧೈರ್ಯ ಮಾಡಿ ಹೇಳಿದೆ. ಅಮ್ಮಿ ಅಬ್ಬಾ ಮುಖ ನೋಡಿದರು. ಅಬ್ಬಾ ದಾದಾ ಮುಖ ನೋಡಿದರು. ದಾದಾ "ಹಾಂ, ಹಾಂ" ಎಂದು ತಲೆಯಾಡಿಸಿ, ಅಬ್ಬಾ ಕಡೆ ತಿರುಗಿ ಗ್ಯಾಸ್ ಸಿಲಿಂಡರ್ ಬಂತಾ ಎಂದು ಕೇಳಿದರು. ಅಷ್ಟೇ. ಅಬ್ಬಾ ಮಾತಾಡಿದರೆ ಕೇಳುತ್ತಾರೆ, ಚಾಚಾ ಮಾತಾಡಿದರೆ ಕೇಳುತ್ತಾರೆ, ಮಸೀದಿಯ ಮೌಲಾನಾ ಹೇಳಿದ್ದನ್ನು ಬಂದು ನಮಗೆ ಒಪ್ಪಿಸುತ್ತಾರೆ. ನಾನು ಹೇಳಿದ್ದು ಮಾತ್ರ ಅವರಿಗೆ ಮಾತೇ ಅಲ್ಲ. ಹುಡುಗಿಯ ಮಾತಿಗೆ ಇವರ ಹತ್ತಿರ ಬೆಲೆಯಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಆದರೂ ಸರ್ ಕೊಟ್ಟ ಕೆಲಸ ಮಾಡಲೇಬೇಕಲ್ಲ. ಬಾಯಿ ಬಿಡದೆ ಕೆಲಸ ಮುಗಿಸಲು ಒಂದು ಉಪಾಯ ಮಾಡಿದೆ. ಅಬ್ಬಾ ಮೊಬೈಲಿನಲ್ಲಿ ಹಳೆಯ ಉಗಿ ಸುತ್ತಿಗೆಯ ಚಿತ್ರ ಹುಡುಕಿ ದಾದಾ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಅರೇ, ಇದು ನಮ್ಮದೇ!" ಎಂದರು. ಆಮೇಲೆ ಇಶಾ ನಮಾಜಿನ ಹೊತ್ತಿನವರೆಗೆ ಒಂದೇ ಸಮನೆ ಹೇಳುತ್ತಾ ಹೋದರು. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಮತ್ತು ನಂತರ ನಾನು ಲೈಬ್ರರಿಯಲ್ಲಿ ಓದಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಉಗಿ ಸುತ್ತಿಗೆ ನೋಡಲು ಒಂದು ಕಮಾನಿನ ಹಾಗಿರುತ್ತದೆ. ಎರಡು ದಪ್ಪ ಕಬ್ಬಿಣದ ಕಾಲುಗಳು, ಅವುಗಳ ತಲೆಯ ಮೇಲೆ ಒಂದು ಸಿಲಿಂಡರ್. ಸಿಲಿಂಡರಿನೊಳಗೆ ಪಿಸ್ಟನ್, ಪಿಸ್ಟನ್ನಿನ ಸರಳಿನ ತುದಿಗೆ ಸುತ್ತಿಗೆಯ ತಲೆ. ಬಾಯ್ಲರಿನಿಂದ ಬಂದ ಉಗಿ ಪಿಸ್ಟನ್ನಿನ ಕೆಳಗೆ ಹೊಕ್ಕು ಅದನ್ನು ಮೇಲೆತ್ತುತ್ತದೆ. ಉಗಿಯನ್ನು ಹೊರಗೆ ಬಿಟ್ಟರೆ ಸುತ್ತಿಗೆ ತನ್ನ ಭಾರಕ್ಕೆ ಕೆಳಗೆ ಬೀಳುತ್ತದೆ. ನಂತರ ಬಂದ ಯಂತ್ರಗಳಲ್ಲಿ ಮೇಲಿನಿಂದಲೂ ಉಗಿ ಕೊಟ್ಟು ಇನ್ನೂ ಜೋರಾಗಿ ಹೊಡೆಸುತ್ತಿದ್ದರು. ಕೆಳಗೆ ಕೆಂಪಗೆ ಕಾದ ಕಬ್ಬಿಣವನ್ನು ಇಡುವ ಪೀಠವಿರುತ್ತದೆ. ಕನ್ನಡದಲ್ಲಿ ಅಡಿಗಲ್ಲು, ದಾದಾ ಅದಕ್ಕೆ ನಿಹಾಯಿ ಎನ್ನುತ್ತಾರೆ. ಪಕ್ಕದಲ್ಲಿ ನಿಂತು ಲಿವರ್ ಹಿಡಿದು ಉಗಿಯನ್ನು ಬಿಡುವ, ತಡೆಯುವ ಕೆಲಸ ದಾದಾ ಅವರದು.

ಅಷ್ಟು ಜೋರಾಗಿ ಯಾಕೆ ಹೊಡೆಯಬೇಕು? ಇದನ್ನು ದಾದಾ ರೊಟ್ಟಿ ಹಿಟ್ಟಿನ ಲೆಕ್ಕದಲ್ಲಿ ಹೇಳಿದರು. ಹಿಟ್ಟನ್ನು ಚೆನ್ನಾಗಿ ನಾದದಿದ್ದರೆ ಒಳಗೆ ಗಂಟು ಉಳಿಯುತ್ತದೆ, ರೊಟ್ಟಿ ಹರಿಯುತ್ತದೆ. ಕಬ್ಬಿಣವೂ ಹಾಗೆಯೇ. ಕರಗಿಸಿ ಅಚ್ಚಿಗೆ ಹೊಯ್ದ ಉಕ್ಕಿನ ಗಟ್ಟಿಯಲ್ಲಿ ಸಣ್ಣ ಸಣ್ಣ ಪೊಳ್ಳುಗಳಿರುತ್ತವೆ. ಕಾಯಿಸಿ ಬಡಿದಾಗ ಅವು ಮುಚ್ಚಿಕೊಂಡು ಒಳಗಿನ ಹರಳುಗಳು ಹತ್ತಿರವಾಗಿ ಉಕ್ಕು ಗಟ್ಟಿಯಾಗುತ್ತದೆ. ರೈಲಿನ ಅಚ್ಚು, ಹಡಗಿನ ಶಾಫ್ಟ್, ಕೊಂಡಿ, ಕೊಕ್ಕೆ ಇವೆಲ್ಲ ಮುರಿಯಬಾರದ ವಸ್ತುಗಳು. ಆದ್ದರಿಂದ ಬಡಿಯಲೇಬೇಕು.

ಈ ಯಂತ್ರದ ಕಥೆ ಶುರುವಾಗುವುದೂ ಒಂದು ಹಡಗಿನ ಶಾಫ್ಟಿನಿಂದಲೇ. 1839ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ರುನೆಲ್ ಎಂಬ ಎಂಜಿನಿಯರ್ 'ಗ್ರೇಟ್ ಬ್ರಿಟನ್' ಎಂಬ ದೊಡ್ಡ ಕಬ್ಬಿಣದ ಹಡಗು ಕಟ್ಟಿಸುತ್ತಿದ್ದರು. ಅದರ ಎರಡು ಪಕ್ಕದ ಚಕ್ರಗಳನ್ನು ತಿರುಗಿಸಲು 30 ಇಂಚು ದಪ್ಪದ ಶಾಫ್ಟ್ ಬೇಕಾಗಿತ್ತು. ಅಂಥದ್ದನ್ನು ಬಡಿಯುವ ಸುತ್ತಿಗೆ ಯಾರ ಹತ್ತಿರವೂ ಇರಲಿಲ್ಲ. ಆಗಿನ ದೊಡ್ಡ ಸುತ್ತಿಗೆಗಳು ಒಂದು ತುದಿಯಲ್ಲಿ ಕೀಲಿದ್ದು, ಏತದ ಹಾಗೆ ಎದ್ದು ಬೀಳುತ್ತಿದ್ದವು. ಕೆಳಗಿಟ್ಟ ತುಂಡು ದಪ್ಪವಾದಷ್ಟೂ ಸುತ್ತಿಗೆ ಬೀಳುವ ಎತ್ತರ ಕಡಿಮೆಯಾಗುತ್ತಿತ್ತು. ಅಂದರೆ ದೊಡ್ಡ ಪೆಟ್ಟು ಬೇಕಾದಲ್ಲೇ ಸಣ್ಣ ಪೆಟ್ಟು ಬೀಳುತ್ತಿತ್ತು. ಮ್ಯಾಂಚೆಸ್ಟರ್ ಹತ್ತಿರದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜೇಮ್ಸ್ ನ್ಯಾಸ್ಮಿತ್ ಅವರಿಗೆ ಈ ಕಷ್ಟವನ್ನು ತಿಳಿಸಿ ಪತ್ರ ಬಂತು. ಅವರು 1839ರ ನವೆಂಬರ್ 24ರಂದು ತಮ್ಮ ಪುಸ್ತಕದಲ್ಲಿ ನೇರವಾಗಿ ಮೇಲಿಂದ ಕೆಳಗೆ ಬೀಳುವ ಉಗಿ ಸುತ್ತಿಗೆಯ ಚಿತ್ರ ಬರೆದರು.

ತಮಾಷೆ ಎಂದರೆ, ಆ ಶಾಫ್ಟ್ ತಯಾರಾಗಲೇ ಇಲ್ಲ. ಪಕ್ಕದ ಚಕ್ರ ಬಿಟ್ಟು ಹಿಂಬದಿಯ ಪ್ರೊಪೆಲ್ಲರಿನಿಂದ ಹಡಗು ನಡೆಸುವುದೆಂದು ತೀರ್ಮಾನವಾಯಿತು. ಚಿತ್ರ ಪುಸ್ತಕದಲ್ಲೇ ಉಳಿಯಿತು. ಫ್ರಾನ್ಸಿನ ಲೆ ಕ್ರೂಸೋ ಎಂಬ ಊರಿನ ಶ್ನೈಡರ್ ಕಾರ್ಖಾನೆಯವರು ಪ್ಯಾಟ್ರಿಕ್ರಾಫ್ಟ್‌ಗೆ ಬಂದಾಗ ನ್ಯಾಸ್ಮಿತ್ ಊರಲ್ಲಿರಲಿಲ್ಲ; ಅವರ ಪಾಲುದಾರರು ಆ ಪುಸ್ತಕ ತೋರಿಸಿದರು. 1842ರಲ್ಲಿ ನ್ಯಾಸ್ಮಿತ್ ಲೆ ಕ್ರೂಸೋಗೆ ಹೋದಾಗ ಅಲ್ಲಿ ಉಗಿ ಸುತ್ತಿಗೆ ಆಗಲೇ ಕೆಲಸ ಮಾಡುತ್ತಿತ್ತು! ಇದು ನ್ಯಾಸ್ಮಿತ್ ತಮ್ಮ ಆತ್ಮಕಥೆಯಲ್ಲಿ ಹೇಳಿದ ಕಥೆ. ಅದನ್ನು ಕಟ್ಟಿದ ಫ್ರಾಂಸ್ವಾ ಬೂರ್ದೋಂ ಸ್ವಂತವಾಗಿಯೇ ಯೋಚಿಸಿದ್ದರು ಎಂದು ಫ್ರೆಂಚರು ಹೇಳುತ್ತಾರೆ. ನ್ಯಾಸ್ಮಿತ್ ಊರಿಗೆ ಮರಳಿ ಅದೇ ವರ್ಷ ಜೂನ್‌ನಲ್ಲಿ ಪೇಟೆಂಟ್ ಪಡೆದರು. ಬಿಸಿನೆಸ್ ಸ್ಟಡೀಸ್ ಓದುವ ನಮಗೆ ಇದರಲ್ಲಿ ಒಂದು ಪಾಠವಿದೆ: ಐಡಿಯಾ ಬಂದ ದಿನವೇ ಲಾಭ ಬರುವುದಿಲ್ಲ, ಮೊದಲು ಕಟ್ಟಿ ತೋರಿಸಬೇಕು.

ಹೊಸ ಸುತ್ತಿಗೆಯ ಶಕ್ತಿ ಜನರಿಗೆ ಬೇಗ ಗೊತ್ತಾಯಿತು. 1845ರಲ್ಲಿ ಡೆವನ್‌ಪೋರ್ಟ್ ಬಂದರಿನ ಕೆಲಸದಲ್ಲಿ ಮರದ ಕಂಬಗಳನ್ನು ನೆಲಕ್ಕೆ ಇಳಿಸಲು ಇದೇ ತತ್ವದ ಯಂತ್ರ ಬಂತು. ಹಳೆಯ ರೀತಿಯಲ್ಲಿ ದುಡಿಯುವವರ ಜೊತೆ ಪಂದ್ಯವಿಟ್ಟರು. ಯಂತ್ರ ನಾಲ್ಕೂವರೆ ನಿಮಿಷದಲ್ಲಿ ಒಂದು ಕಂಬ ಇಳಿಸಿತು. ಅಂಥದ್ದೇ ಕಂಬಕ್ಕೆ ಆಳುಗಳಿಗೆ 12 ಗಂಟೆಗಿಂತ ಹೆಚ್ಚು ಹಿಡಿಯಿತು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಮೊಟ್ಟೆಯ ಕಥೆ. ವೈನ್ ಗ್ಲಾಸಿನಲ್ಲಿ ಒಂದು ಮೊಟ್ಟೆ ಇಟ್ಟು ಗ್ಲಾಸನ್ನು ಸುತ್ತಿಗೆಯ ಕೆಳಗೆ ಇಡುತ್ತಿದ್ದರು. ಟನ್‌ಗಟ್ಟಲೆ ಭಾರದ ಸುತ್ತಿಗೆ ಇಳಿದು ಮೊಟ್ಟೆಯ ಚಿಪ್ಪನ್ನು ಮಾತ್ರ ಒಡೆಯುತ್ತಿತ್ತು. ಗ್ಲಾಸಿಗೆ ಏನೂ ಆಗುತ್ತಿರಲಿಲ್ಲ. ನಾನು ಇದನ್ನು ಹೇಳಿದಾಗ ಅಬ್ಬಾ ನಕ್ಕು, "ನಿಮ್ಮ ದಾದಾ ಶೇಂಗಾಕಾಯಿ ಒಡೆಯುತ್ತಿದ್ದರು" ಎಂದರು. ಆಯುಧಪೂಜೆಯ ದಿನ ಕಾರ್ಖಾನೆಗೆ ಮನೆಯವರನ್ನೆಲ್ಲ ಬಿಡುತ್ತಿದ್ದರಂತೆ. ಹಿಂದಿನ ದಿನ ದಾದಾ ಮತ್ತು ಅವರ ಜೊತೆಗಾರರು ಸುತ್ತಿಗೆಯನ್ನು ಎಣ್ಣೆ ಹಚ್ಚಿ ಒರೆಸಿ ಫಳಫಳ ಮಾಡುತ್ತಿದ್ದರು. ಮಾರನೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ. ಪೂಜೆ ಮುಗಿದ ಮೇಲೆ ಮಕ್ಕಳು "ಚಾಚಾ, ಶೇಂಗಾ! ಚಾಚಾ, ಶೇಂಗಾ!" ಎಂದು ಗಂಟು ಬೀಳುತ್ತಿದ್ದರು. ದಾದಾ ಅಡಿಗಲ್ಲಿನ ಮೇಲೆ ಒಂದು ಶೇಂಗಾಕಾಯಿ ಇಟ್ಟು, ಮೂರು ಟನ್ನಿನ ಸುತ್ತಿಗೆಯನ್ನು ಇಳಿಸಿ, ಸಿಪ್ಪೆ ಮಾತ್ರ ಬಿರಿಯುವಂತೆ ಮಾಡಿ, ಬೀಜವನ್ನು ಇಡಿಯಾಗಿ ಮಕ್ಕಳ ಕೈಗೆ ಹಾಕುತ್ತಿದ್ದರು. ಅಬ್ಬಾ ಆಗ ನಾಲ್ಕನೇ ಕ್ಲಾಸು. ಆ ಬೀಜವನ್ನು ತಿನ್ನದೆ ಜೇಬಿನಲ್ಲಿ ಇಟ್ಟುಕೊಂಡಿದ್ದರಂತೆ.

ಇಂಗ್ಲೆಂಡಿನ ಸುತ್ತಿಗೆಯ ಜೊತೆ ನ್ಯಾಸ್ಮಿತ್ ಹೆಸರು ಉಳಿಯಿತು. ಮೊಟ್ಟೆ ಒಡೆದ ಲಿವರ್ ಹಿಡಿದಿದ್ದ ಕೈ ಯಾರದು ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಮೂರು ಟನ್ ಎಂದರೆ ನಮ್ಮ ಕ್ಲಾಸಿಗೆ ಆಶ್ಚರ್ಯವಾಗಿತ್ತು. ಆದರೆ ದೈತ್ಯ ಸುತ್ತಿಗೆಗಳ ಮುಂದೆ ಅದು ಆಟಿಕೆ. ಜರ್ಮನಿಯ ಎಸೆನ್ ನಗರದ ಕ್ರುಪ್ ಕಾರ್ಖಾನೆಯಲ್ಲಿ 1861ರಲ್ಲಿ 50 ಟನ್ನಿನ ಸುತ್ತಿಗೆ ಬಂತು. ಅದಕ್ಕೆ 'ಫ್ರಿಟ್ಸ್' ಎಂದು ಮನುಷ್ಯರ ಹೆಸರನ್ನೇ ಇಟ್ಟಿದ್ದರು. 1877ರಲ್ಲಿ ಲೆ ಕ್ರೂಸೋದವರು 100 ಟನ್ನಿನದನ್ನು ನಿಲ್ಲಿಸಿದರು. ಅದರ ಎತ್ತರ 21 ಮೀಟರ್. ಐದು ಟನ್ನಿನ 20 ಆನೆಗಳನ್ನು ಒಟ್ಟಿಗೆ ಕಟ್ಟಿ ಐದು ಮೀಟರ್ ಎತ್ತರದಿಂದ ಬೀಳಿಸಿದರೆ ಎಷ್ಟೋ ಅಷ್ಟು ಅದರ ಒಂದು ಪೆಟ್ಟು. ಸೈನ್ಸ್ ಓದುವ ನನ್ನ ಗೆಳತಿ ಲೆಕ್ಕ ಹಾಕಿ, ಸುಮಾರು 49 ಲಕ್ಷ ಜೂಲ್ ಎಂದಳು. ಆ ಪೆಟ್ಟನ್ನು ತಡೆಯಲು ಕೆಳಗಿನ ಅಡಿಗಲ್ಲೇ 700 ಟನ್ನಿಗಿಂತ ಹೆಚ್ಚು ಭಾರವಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಕಾರ್ಖಾನೆಯವರು 1891ರಲ್ಲಿ 125 ಟನ್ನಿನದನ್ನು ಕಟ್ಟಿ ಎಲ್ಲರನ್ನೂ ಮೀರಿಸಿದರು. ಯುದ್ಧನೌಕೆಗಳಿಗೆ ಹೊದಿಸುವ ದಪ್ಪ ಉಕ್ಕಿನ ಹಲಗೆಗಳನ್ನು ಬಡಿಯಲು ಅದು ಬೇಕಾಗಿತ್ತು. 1893ರ ಶಿಕಾಗೊ ವಿಶ್ವ ಮೇಳದಲ್ಲಿ ಅದರ ದೊಡ್ಡ ಮಾದರಿಯನ್ನು ಜನರಿಗೆ ತೋರಿಸಿದರು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿ.

ಇಲ್ಲಿಂದ ಮುಂದೆ ಸವಕಳಿ ಪಾಠ. ಯಂತ್ರದ ಬೆಲೆ ಎರಡು ರೀತಿಯಲ್ಲಿ ಇಳಿಯುತ್ತದೆ ಎಂದು ಸರ್ ಹೇಳಿದ್ದರು. ಒಂದು, ದುಡಿದು ದುಡಿದು ಸವೆಯುವುದು. ಇನ್ನೊಂದು, ತಾನು ಗಟ್ಟಿಯಾಗಿದ್ದರೂ ತನಗಿಂತ ಒಳ್ಳೆಯದು ಬಂದು ಕೆಲಸಕ್ಕೆ ಬಾರದಂತಾಗುವುದು. ಬೆತ್ಲೆಹೆಮ್‌ನ ಸುತ್ತಿಗೆಗೆ ಆದದ್ದು ಎರಡನೆಯದು. ಅದರ ಬೆನ್ನಿಗೇ ಹೈಡ್ರಾಲಿಕ್ ಪ್ರೆಸ್‌ಗಳು ಬಂದವು. ಮತ್ತೆ ಹಿಟ್ಟಿನ ಲೆಕ್ಕವನ್ನೇ ಹೇಳುವುದಾದರೆ, ದೊಡ್ಡ ಉಂಡೆಗೆ ಪಟ್ಟನೆ ಹೊಡೆದರೆ ಮೇಲಿನ ಭಾಗ ಮಾತ್ರ ಚಪ್ಪಟೆಯಾಗುತ್ತದೆ. ಅಂಗೈ ಇಟ್ಟು ನಿಧಾನವಾಗಿ ಒತ್ತಿದರೆ ಒಳಗಿನವರೆಗೂ ಒತ್ತು ಹೋಗುತ್ತದೆ. ಪ್ರೆಸ್ ಹಾಗೆ ಒತ್ತುತ್ತದೆ. ನೆಲ ನಡುಗುವುದಿಲ್ಲ, ಸುತ್ತಲಿನ ಕಟ್ಟಡಗಳು ಬಿರುಕು ಬಿಡುವುದಿಲ್ಲ. ಜಗತ್ತಿನ ಅತಿ ದೊಡ್ಡ ಸುತ್ತಿಗೆ ಕೆಲವೇ ವರ್ಷ ದುಡಿದು ಸುಮ್ಮನೆ ನಿಂತಿತು, 1902ರಲ್ಲಿ ಅದನ್ನು ಕಳಚಿ ಹಾಕಿದರು. ಲೆ ಕ್ರೂಸೋದ ಸುತ್ತಿಗೆ 1930ರ ಸುಮಾರಿನವರೆಗೂ ದುಡಿಯಿತು, ಈಗ ಆ ಊರಿನಲ್ಲಿ ಸ್ಮಾರಕವಾಗಿ ನಿಂತಿದೆ. ದಾದಾ ಓಡಿಸುತ್ತಿದ್ದದ್ದು ಅವರು ನಿವೃತ್ತರಾಗುವ ಮೊದಲೇ ಗುಜರಿಗೆ ಹೋಯಿತು.

ಇಷ್ಟೆಲ್ಲ ನೋಟ್ಸ್ ಮಾಡಿಕೊಂಡ ಮೇಲೆ ನಾನು ಕ್ಲಾಸಿನಲ್ಲಿ ಹೇಳಲು ಸಿದ್ಧಳಾಗಿದ್ದೆ. ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಆ ಸಂಜೆ ದಾದಾ ಹೇಳುವಾಗ ನಾನು ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದ್ದೆ. "ಲಿವರ್ ಎಷ್ಟು ಎಳೆಯಬೇಕು ಅಂತ ಹೇಗೆ ಗೊತ್ತಾಗುತ್ತಿತ್ತು?" ಎಂದರೆ ಅವರು ಊಟದ ಬಿಡುವಿನ ಬಗ್ಗೆ ಹೇಳುತ್ತಿದ್ದರು. ಅದೇ ಪ್ರಶ್ನೆಯನ್ನು ಅಬ್ಬಾ ಕೇಳಿದಾಗ ತಕ್ಷಣ ಉತ್ತರ ಬಂತು: ಕಬ್ಬಿಣ ಹಿಡಿದ ಮಿಸ್ತ್ರಿ ಕೈಸನ್ನೆ ಮಾಡುತ್ತಿದ್ದರು. ಒಂದು ಬೆರಳು ಎತ್ತಿದರೆ ಮೆಲ್ಲಗೆ, ಮುಷ್ಟಿ ತೋರಿಸಿದರೆ ಪೂರಾ ಪೆಟ್ಟು, ಅಂಗೈ ಬಿಚ್ಚಿದರೆ ನಿಲ್ಲಿಸು. ಯಾಕೆ ಸನ್ನೆ? "ಅಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತಿತ್ತು!" ಎಂದು ದಾದಾ ನಕ್ಕರು. ಕಿವಿಗೆ ಏನಾದರೂ ಕೊಡುತ್ತಿದ್ದರಾ ಎಂದರೆ, ನಾವೇ ಹತ್ತಿ ಇಟ್ಟುಕೊಳ್ಳುತ್ತಿದ್ದೆವು, ಬೆವರಿಗೆ ಬಿದ್ದುಹೋಗುತ್ತಿತ್ತು ಎಂದರು.

ಮತ್ತೆ ಲೈಬ್ರರಿಗೆ ಹೋಗಿ ಈ ಸಲ ಕಿವಿಯ ಬಗ್ಗೆ ಓದಿದೆ. 1886ರಲ್ಲೇ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಥಾಮಸ್ ಬಾರ್ ಎಂಬ ವೈದ್ಯರು 100 ಮಂದಿ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷೆ ಮಾಡಿದ್ದರು. ದಿನವಿಡೀ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದಿನಲ್ಲಿ ಇರುವವರು ಅವರು. ನೂರರಲ್ಲಿ ಒಬ್ಬರ ಕಿವಿಯೂ ಪೂರ್ತಿ ಸರಿಯಿರಲಿಲ್ಲ. ನಮ್ಮ ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಜೀವಕೋಶಗಳು ಸುಮಾರು 15,000 ಇರುತ್ತವೆ. ದೊಡ್ಡ ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು ತೀಕ್ಷ್ಣ ಸ್ವರಗಳನ್ನು ಹಿಡಿಯುವ ಕೋಶಗಳು. ಹಾಗಾಗಿ ಗಂಡಸರ ದಪ್ಪ ದನಿ ಸಾಕಷ್ಟು ಕೇಳುತ್ತದೆ. ಹೆಂಗಸರ, ಮಕ್ಕಳ ಸಣ್ಣ ದನಿ, ಅದರಲ್ಲೂ ಸ, ಶ, ಫ, ತ ಎಂಬ ಅಕ್ಷರಗಳು ಕರಗಿಹೋಗುತ್ತವೆ.

ಆ ಸಾಲನ್ನು ನಾನು ಎರಡು ಸಲ ಓದಿದೆ. ನನ್ನ ದನಿ ನಮ್ಮ ಮನೆಯಲ್ಲೇ ಎಲ್ಲರಿಗಿಂತ ಸಣ್ಣದು. ಸಿಟ್ಟು ಬಂದರೆ ಇನ್ನೂ ಸಣ್ಣದಾಗುತ್ತದೆ. "ಸಿಎ" ಎಂಬ ಮಾತು ಶುರುವಾಗುವುದೇ ಸ ಅಕ್ಷರದಿಂದ.

ಅಬ್ಬಾಗೆ ಹೇಳಿ ದಾದಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿದ ಮೇಡಂ ಒಂದು ಗ್ರಾಫ್ ಕೊಟ್ಟರು. ಎಡಭಾಗದಲ್ಲಿ ಗೆರೆ ಸುಮಾರಾಗಿ ಮೇಲಿದೆ, ಬಲಕ್ಕೆ ಹೋಗುತ್ತಾ ಮೆಟ್ಟಿಲಿಳಿದ ಹಾಗೆ ಕೆಳಗಿಳಿದಿದೆ. ಅದನ್ನು ನೋಡಿದಾಗ ನಮ್ಮ ಸರ್ ಬೋರ್ಡಿನ ಮೇಲೆ ಬರೆದ ಸವಕಳಿ ಗ್ರಾಫ್ ನೆನಪಾಯಿತು. ಕಾರ್ಖಾನೆಯವರು ಸುತ್ತಿಗೆಯ ಸವಕಳಿಯನ್ನು ವರ್ಷ ವರ್ಷವೂ ಬರೆದಿರುತ್ತಾರೆ. ದಾದಾ ಕಿವಿಯ ಸವಕಳಿಯನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ಸದ್ದಿನಿಂದ ಬರುವ ಕಿವುಡನ್ನು 1948ರ ಕಾರ್ಖಾನೆಗಳ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದರು ಎಂದು ನಾನು ಆಮೇಲೆ ಓದಿದೆ. ದಾದಾಗೆ ಅದು ಗೊತ್ತೇ ಇರಲಿಲ್ಲ. ವಯಸ್ಸಾಯಿತು, ಕಿವಿ ಹೋಯಿತು ಎಂದುಕೊಂಡಿದ್ದರು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ನಾನಂತೂ ಅದಕ್ಕಿಂತ ಕೆಟ್ಟದಾಗಿ ಅಂದುಕೊಂಡಿದ್ದೆ.

ಕಿವಿಯಂತ್ರ ಕೊಡಿಸಿದೆವು. ಅದು ಕುಂಯ್ ಎನ್ನುತ್ತದೆ ಎಂದು ದಾದಾ ಅರ್ಧ ದಿನ ತೆಗೆದಿಡುತ್ತಾರೆ. ಮೇಡಂ ನಮಗೆ ಹೇಳಿದ್ದು ಇಷ್ಟು: ಕೂಗಬೇಡಿ, ಎದುರಿಗೆ ಕೂತು, ಮುಖ ಕಾಣುವ ಹಾಗೆ, ದನಿ ಸ್ವಲ್ಪ ತಗ್ಗಿಸಿ, ನಿಧಾನವಾಗಿ ಮಾತಾಡಿ. ಒಂದು ಭಾನುವಾರ ನಾನು ಹಾಗೆಯೇ ಕೂತು ಸಿಎ ಮಾತನ್ನು ಮತ್ತೆ ಎತ್ತಿದೆ. ದಾದಾ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಅಂದರೆ ಕಾರ್ಖಾನೆಯ ಲೆಕ್ಕ ನೋಡುವವರಾ?" ಎಂದು ಕೇಳಿದರು.

"ಹೌದು ದಾದಾ."

"ಎಷ್ಟು ವರ್ಷ? ಎಷ್ಟು ಖರ್ಚು? ದಿನಾ ಬಸ್ಸಲ್ಲಿ ಹೋಗಿ ಬರಬೇಕಾ?" ಒಂದೊಂದಕ್ಕೂ ಉತ್ತರ ಹೇಳಿದೆ. ಖರ್ಚಿನ ಮಾತಿಗೆ ಅವರು ಹೂಂ ಅನ್ನಲಿಲ್ಲ, ಅಬ್ಬಾ ಜೊತೆ ಕೂತು ಮಾತಾಡುತ್ತೇನೆ ಎಂದರು. ಆ ಮಾತುಕತೆ ಇನ್ನೂ ಮುಗಿದಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಓದು ಬೇಟಿ. ಆದರೆ ಲೆಕ್ಕ ಬರೆಯಲು ಹೋದಾಗ ಕುಲುಮೆಯೊಳಗೂ ಒಂದು ಸಲ ಹೋಗಿ ನೋಡು. ನಮ್ಮಲ್ಲಿ ಲೆಕ್ಕದವರು ಒಬ್ಬರೂ ಒಳಗೆ ಬರುತ್ತಿರಲಿಲ್ಲ. ಸದ್ದು ಜಾಸ್ತಿ ಅಂತ."

ಕ್ಲಾಸಿನಲ್ಲಿ ನಾನು ನ್ಯಾಸ್ಮಿತ್, ಲೆ ಕ್ರೂಸೋ, ಬೆತ್ಲೆಹೆಮ್ ಎಲ್ಲವನ್ನೂ ಹೇಳಿದೆ. ಕೊನೆಗೆ ಶೇಂಗಾಕಾಯಿಯನ್ನೂ, ಕಿವಿಯ ಗ್ರಾಫನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಪಾಠ ಮುಗಿದ ಮೇಲೆ ಒಬ್ಬಳು ಗೆಳತಿ ಬಂದು, ತನ್ನ ನಾನಿ ನಲವತ್ತು ವರ್ಷ ಪವರ್‌ಲೂಮ್ ಪಕ್ಕದಲ್ಲೇ ಕೂತು ದುಡಿದವರು, ಅವರಿಗೂ ತನ್ನ ಮಾತು ಕೇಳಿಸುವುದಿಲ್ಲ ಎಂದಳು. ಅವರನ್ನು ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ಕೇಳಿ ಬರೆದುಕೊಂಡು ಹೋದಳು.

ನಿಮ್ಮ ಮನೆಯಲ್ಲೂ ಯಾವುದಾದರೂ ಯಂತ್ರದ ಪಕ್ಕದಲ್ಲಿ ಆಯುಷ್ಯ ಕಳೆದವರು ಇರಬಹುದು. ಅವರು ನಿಮ್ಮ ಮಾತು ಕೇಳುವುದಿಲ್ಲ ಎಂದು ಬೇಸರವಾದರೆ, ಒಮ್ಮೆ ಎದುರಿಗೆ ಕೂತು ದನಿ ತಗ್ಗಿಸಿ ಮಾತಾಡಿ ನೋಡಿ. ಈಗ ನಾನು ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ದಾದಾ ಕಡೆ ಒಂದು ಬೆರಳು ಎತ್ತುತ್ತೇನೆ. ಮೆಲ್ಲಗೆ ಹೋಗಿ ಬರುತ್ತೇನೆ ಎಂದರ್ಥ. ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ ಮುಷ್ಟಿ ತೋರಿಸುತ್ತಾರೆ: ಪೂರಾ ಪೆಟ್ಟು!